ಕೊನೆಯ ಪುಟದಿಂದ ಓದುತ್ತಿದ್ದವರು

ಕಳೆದ ತಿಂಗಳು ಚಿತ್ರದುರ್ಗದಲ್ಲಿ ನಮ್ಮ ಹಳೆಯ ಪ್ರೊಫೆಸರರಿಗೆ ಸಂತಾಪ ಸಭೆ ನಡೆಯಿತು. ಭಾಷಣ ಮಾಡಿದವರೊಬ್ಬರು, "ಮಣ್ಣಿನ ಎಂಜಿನಿಯರಿಂಗ್ ಬಗ್ಗೆ ಬರೆಯುವ ಯಾರೂ ಇವರ ಹೆಸರನ್ನು ದಾಟಿಕೊಂಡು ಹೋಗುವಂತಿರಲಿಲ್ಲ" ಎಂದರು. ಮಾತು ಸುಳ್ಳಲ್ಲ. ನಮ್ಮ ಕಾಲೇಜಿನಲ್ಲಂತೂ ದಾಟಿ ಹೋದವನ ಇನ್‌ಕ್ರಿಮೆಂಟ್ ನಿಲ್ಲುತ್ತಿತ್ತು. ನನಗೆ ನಗು ಉಕ್ಕಿ ಬಂತು. ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದೆ. ಪಕ್ಕದಲ್ಲಿ ಕೂತಿದ್ದವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿ ಸಮಾಧಾನ ಮಾಡಿದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಒಂದು ಉಲ್ಲೇಖವೆಂದು ಲೆಕ್ಕಕ್ಕೆ ಸೇರಿಬಿಡುತ್ತದೆ. ಬದುಕಿದ್ದಾಗ ನನ್ನಿಂದ ಅವರಿಗೆ ಸಂದಿರುವ ಉಲ್ಲೇಖಗಳೇ ಸಾಕಷ್ಟಿವೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದುರ್ಗದ ಆ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದೆ. ಅವರು ನಮ್ಮ ಸಿವಿಲ್ ವಿಭಾಗದ ಮುಖ್ಯಸ್ಥರು. ಹೊಸದುರ್ಗದ ಕಡೆಯವರು. ಒಣಕಲು ಮೈ, ಉದ್ದ ಕುತ್ತಿಗೆ, ಆ ಕುತ್ತಿಗೆಗೆ ಬೇಸಿಗೆ ಚಳಿ ಎನ್ನದೆ ಒಂದು ಟೈ. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಂಡೆಗಳು ಕಾದು, ಊರೇ ರೊಟ್ಟಿಯ ಹೆಂಚಿನಂತಾಗಿರುವಾಗಲೂ ಅವರ ಟೈ ಸಡಿಲವಾಗುತ್ತಿರಲಿಲ್ಲ. ಸಮಾಧಾನವಾಗಿದ್ದರೆ ಇಂಗ್ಲಿಷು, ಸಿಟ್ಟು ಬಂದರೆ ಅಥವಾ ಸಂತೋಷವಾದರೆ ಹೊಸದುರ್ಗದ ಕನ್ನಡ.

ಸೇರಿದ ದಿನ ಅವರ ಕೋಣೆಗೆ ಹೋಗಿ, ಮೋರಿಗಳ ವಿನ್ಯಾಸದ ಮೇಲೆ ನಾನು ಬರೆದಿದ್ದ ಪ್ರಬಂಧವನ್ನು ಭಯಭಕ್ತಿಯಿಂದ ಮೇಜಿನ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಂಡು, ಕೋಳಿಯನ್ನು ಕಾಲು ಹಿಡಿದು ತಿರುಗಿಸುವ ಹಾಗೆ ತಿರುಗಿಸಿ, ಕೊನೆಯ ಪುಟ ತೆಗೆದರು. ಯಾರ ಯಾರ ಬರಹಗಳನ್ನು ಆಧರಿಸಿದ್ದೇನೆಂಬ ಪಟ್ಟಿ, ಎಂದರೆ ರೆಫರೆನ್ಸುಗಳಿದ್ದ ಪುಟ. ಬೆರಳು ಮೇಲಿನಿಂದ ಕೆಳಗೆ ಇಳಿಯಿತು. ಮತ್ತೆ ಮೇಲಕ್ಕೆ ಹತ್ತಿತು.

"ನನ್ನ ಹೆಸರು ಇಲ್ಲವಲ್ರೀ?"

"ಇದು ಮೋರಿಗಳ ಬಗ್ಗೆ ಸಾರ್. ತಮ್ಮದು ಮಣ್ಣು."

"ಮೋರಿ ಆಕಾಶದ ಮ್ಯಾಲೆ ಕಟ್ತಾರೇನ್ರಿ?"

ನನ್ನ ಪ್ರಬಂಧದ ಬಗ್ಗೆ ಅವರು ಆಡಿದ ಮಾತು ಅದೊಂದೇ. ಮೊದಲ ಪುಟವನ್ನು ಅವರು ಅಂದೂ ತೆರೆಯಲಿಲ್ಲ, ಮುಂದೆಂದೂ ತೆರೆಯಲಿಲ್ಲ. ಪುಸ್ತಕವಾಗಲಿ, ಜರ್ನಲ್ ಆಗಲಿ, ಅವರ ಓದು ಹಿಂದಿನಿಂದ ಶುರುವಾಗಿ ರೆಫರೆನ್ಸು ಮುಗಿದಲ್ಲಿಗೆ ಮುಗಿಯುತ್ತಿತ್ತು. ಮದುವೆಯ ಕರೆಯೋಲೆ ಕೊಟ್ಟರೂ ಅಷ್ಟೆ. ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು ಕಣ್ಣು ಕೆಳಗಿನ 'ಸುಖಾಗಮನ ಬಯಸುವವರು' ಸಾಲಿಗೆ ಹೋಗುತ್ತಿತ್ತು. ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬ, ಯಾವುದಕ್ಕೂ ಇರಲಿ ಎಂದು, ತನ್ನ ತಂಗಿಯ ಮದುವೆಯ ಕರೆಯೋಲೆಯಲ್ಲಿ ಅವರ ಹೆಸರನ್ನು ಸೋದರಮಾವಂದಿರ ನಡುವೆ ಅಚ್ಚು ಹಾಕಿಸಿದ. ಪ್ರೊಫೆಸರರು ಮದುವೆಗೆ ಹೋದರು, ಸೋದರಮಾವಂದಿರ ಸಾಲಿನಲ್ಲೇ ಕೂತು ಉಂಡು ಬಂದರು.

ಈ ಗೀಳಿಗೆ ಒಂದು ಶಾಸ್ತ್ರದ ಆಧಾರ ಸಿಕ್ಕಿದ್ದು ಅವರು ಬೆಂಗಳೂರಿನ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿ ಬಂದ ಮೇಲೆ. ಯಾವ ಲೇಖನವನ್ನು ಯಾರು ಯಾರು ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡಿದ ದಪ್ಪ ಸಂಪುಟಗಳು ಆಗ ಹೊರದೇಶದಿಂದ ಅಲ್ಲಿಗೆ ಬರುತ್ತಿದ್ದವು. ಇರುವೆ ಸಾಲಿನಂಥ ಅಕ್ಷರ. ಭೂತಗನ್ನಡಿ ಹಿಡಿದೇ ಓದಬೇಕು. ಅವರು ಊರಿಗೆ ಮರಳಿದವರೇ ನಮ್ಮನ್ನೆಲ್ಲ ಕೂಡಿಸಿ ಕಪ್ಪು ಹಲಗೆಯ ಮೇಲೆ ಒಂದು ಭಿನ್ನರಾಶಿ ಬರೆದರು. ಮೇಲೆ, ಒಂದು ಜರ್ನಲ್ಲಿನ ಲೇಖನಗಳನ್ನು ಜಗತ್ತಿನವರು ಎಷ್ಟು ಸಲ ಹೆಸರಿಸಿದರು ಎಂಬ ಸಂಖ್ಯೆ. ಕೆಳಗೆ, ಆ ಜರ್ನಲ್ಲಿನಲ್ಲಿ ಎಷ್ಟು ಲೇಖನ ಬಂದಿದ್ದವು ಎಂಬ ಸಂಖ್ಯೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿದರೆ ಬರುವುದೇ ಆ ಜರ್ನಲ್ಲಿನ ಪ್ರಭಾವ.

"ಇನ್ನು ಮೇಲೆ ಯಾವನೂ ಇದು ಒಳ್ಳೆ ಜರ್ನಲ್ಲು, ಅದು ಕೆಟ್ಟ ಜರ್ನಲ್ಲು ಅಂತ ಬಾಯಿಗೆ ಬಂದಂಗೆ ಹೇಳಂಗಿಲ್ಲ" ಎಂದರು. "ಭಾಗಾಕಾರ ಮಾಡಿ ಹೇಳ್ಬೇಕು."

ಅಳತೆಯನ್ನು ನಾನು ಹಳಿಯುವುದಿಲ್ಲ. ಕೈಯಲ್ಲಿರುವ ದುಡ್ಡಿಗೆ ಯಾವ ಜರ್ನಲ್ ತರಿಸಬೇಕೆಂದು ತಲೆ ಕೆರೆದುಕೊಳ್ಳುವ ಗ್ರಂಥಪಾಲಕರಿಗೆ ಅದರಿಂದ ಉಪಕಾರವೇ ಆಗಿರಬೇಕು. ತಕ್ಕಡಿಯದೇನೂ ತಪ್ಪಿರಲಿಲ್ಲ. ನಮ್ಮವರು ತಕ್ಕಡಿ ಕಂಡ ಕೂಡಲೇ ಅದರ ತಟ್ಟೆಯಲ್ಲಿ ಹತ್ತಿ ಕೂತರು, ಅಷ್ಟೆ.

ಮೂರು ತಿಂಗಳಿಗೊಮ್ಮೆ ಬರುವ ನಮ್ಮದೇ ಒಂದು ಇಂಗ್ಲಿಷ್ ಜರ್ನಲ್ ಶುರುವಾಯಿತು. ಸಂಪಾದಕರು ಅವರೇ. ಅದಕ್ಕೆ ಬರೆಯುವ ಪ್ರತಿಯೊಬ್ಬನೂ ಅದೇ ಜರ್ನಲ್ಲಿನ ಹಳೆಯ ಲೇಖನಗಳನ್ನು, ಅದರಲ್ಲೂ ಸಂಪಾದಕರ ಲೇಖನಗಳನ್ನು ಉಲ್ಲೇಖಿಸಬೇಕೆಂದು ಸುತ್ತೋಲೆ ಹೊರಟಿತು. ಮೊದಲ ಸಂಚಿಕೆಗೆ ಹಳೆಯ ಲೇಖನ ಎಲ್ಲಿಂದ ತರುವುದು ಎಂದು ಒಬ್ಬರು ಕೇಳಿದರು. "ಮುಂದೆ ಬರ್ತಾವೆ ಅಂತ ಬರೀರಿ" ಎಂದರು. ಹಾಸ್ಟೆಲಿನ ಅಡುಗೆಮನೆಯ ಬಚ್ಚಲ ನೀರು ಹೇಗೆ ಹರಿಯಬೇಕೆಂದು ನಾನು ಬರೆದ ಲೇಖನ ಅವರ ಎರೆಮಣ್ಣಿನ ಸಂಶೋಧನೆಗೆ ನಮಸ್ಕರಿಸಿ ಶುರುವಾಗಿ, ಅದಕ್ಕೇ ನಮಸ್ಕರಿಸಿ ಮುಗಿಯಿತು.

ಸ್ವಲ್ಪ ದಿನದ ಮೇಲೆ ಅವರ ದೃಷ್ಟಿ ಭಿನ್ನರಾಶಿಯ ಕೆಳಗಿನ ಸಂಖ್ಯೆಯ ಮೇಲೆ ಬಿತ್ತು. ಅದು ಕಡಿಮೆಯಾದಷ್ಟೂ ಪ್ರಭಾವ ಜಾಸ್ತಿಯಲ್ಲವೇ? ಹಾಗಾಗಿ ಬಂದ ಲೇಖನಗಳಲ್ಲಿ ಹೆಚ್ಚಿನವನ್ನು 'ಟಿಪ್ಪಣಿ' ಎಂದೂ 'ಪತ್ರ' ಎಂದೂ ಕರೆದು ಅಚ್ಚು ಹಾಕತೊಡಗಿದರು. ಲೇಖನವಲ್ಲದ್ದು ಲೆಕ್ಕಕ್ಕಿಲ್ಲ. ನಾನು ತಮಾಷೆಗೆ, "ಒಂದೂ ಲೇಖನ ಹಾಕದೇ ಇದ್ದರೆ ಹೇಗೆ ಸಾರ್?" ಎಂದೆ. ಅವರು ನಗಲಿಲ್ಲ. ಚಾಕ್‌ಪೀಸನ್ನು ಗಲ್ಲಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಲಗೆಯನ್ನೇ ನೋಡಿ, "ಸೊನ್ನೆಯಿಂದ ಭಾಗಿಸಕ್ಕೆ ಬರಲ್ಲ ಕಣ್ರೀ" ಎಂದು ನಿಜವಾಗಿಯೂ ನಿಟ್ಟುಸಿರು ಬಿಟ್ಟರು.

ಜರ್ನಲ್ಲನ್ನು ಅಚ್ಚು ಹಾಕುತ್ತಿದ್ದುದು ಹೊಳಲ್ಕೆರೆ ರಸ್ತೆಯ ಒಂದು ಸಣ್ಣ ಪ್ರೆಸ್ಸು. ಸಿನಿಮಾ ಚೀಟಿ, ನಾಮಕರಣದ ಕಾರ್ಡು ಹಾಕಿಕೊಂಡು ಸುಖವಾಗಿದ್ದ ಅದರ ಯಜಮಾನನಿಗೆ ಈ ಕೆಲಸ ಕುತ್ತಿಗೆಗೆ ಬಂತು. ಒಂದು ದಿನ ಕರಡು ಹಿಡಿದುಕೊಂಡು ಕಾಲೇಜಿಗೇ ಬಂದ.

"ಸಾರ್, ಲೇಖನ ಎಲ್ಡು ಪುಟ ಐತೆ, ಹಿಂದಿನ ಬಾಲ ನಾಕು ಪುಟ ಐತೆ. ನಮ್ಮ ಕೋಟೆ ಮ್ಯಾಗಳ ಕೋತಿನೂ ನಾಚ್ಕಂತತೆ."

"ಅದೇ ಮುಖ್ಯ ಕಣಯ್ಯಾ, ನಿಂಗೆ ಗೊತ್ತಾಗಲ್ಲ."

"ಗೊತ್ತಾಗಾದು ಬ್ಯಾಡ ಬಿಡ್ರಿ. ಆದ್ರೆ ನಿಮ್ಮ ಹೆಸರಿನ ಮೊದ್ಲಕ್ಷರದ ಮೊಳೆ ಎಲ್ಲಾ ಖಾಲಿ ಆಗ್ಯಾವೆ. ಒಂದೀಟು ಬ್ಯಾರೆ ಯಾರನ್ನಾದ್ರೂ ಹೊಗಳ್ರಿ."

ಪ್ರೊಫೆಸರರು ಬೇರೆಯವರನ್ನು ಹೊಗಳಲಿಲ್ಲ. ಪ್ರೆಸ್ಸಿನವನಿಗೆ ಆ ಅಕ್ಷರದ ಹೊಸ ಅಚ್ಚುಮೊಳೆ ತರಿಸಿಕೊಟ್ಟರು.

ಕರಾವಳಿಯ ಕಡೆಯ ಕಾಲೇಜೊಂದರಲ್ಲಿ ಅವರಂಥವರೇ ಇನ್ನೊಬ್ಬ ಸಂಪಾದಕರಿದ್ದರು. ನಮ್ಮವರು ಅವರನ್ನು ಉಲ್ಲೇಖಿಸುವುದು, ಅವರು ನಮ್ಮವರನ್ನು ಉಲ್ಲೇಖಿಸುವುದು ಎಂದು ಒಪ್ಪಂದವಾಯಿತು. "ಮದುವೆಯಾಗೆ ಮುಯ್ಯಿ ಮಾಡಲ್ವೇನ್ರಿ? ಹಂಗೇ ಇದು" ಎನ್ನುತ್ತಿದ್ದರು. ಆ ಸಂಪಾದಕರು ಒಂದು ಸಂಚಿಕೆಯಲ್ಲಿ ಉಲ್ಲೇಖಿಸಲು ಮರೆತರೆ, ಮುಯ್ಯಿ ತಪ್ಪಿಸಿದ ಬೀಗರ ಮೇಲೆ ಮುನಿದ ಹಾಗೆ ನಮ್ಮವರು ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದರು.

ಇಷ್ಟೇ ಆಗಿದ್ದರೆ ನಾವು ನಕ್ಕುಕೊಂಡು ದಿನ ದೂಡುತ್ತಿದ್ದೆವು. ಆದರೆ ಒಬ್ಬ ಮನುಷ್ಯನ ಹೆಸರನ್ನು ಹತ್ತಾರು ಜನ ಹತ್ತಾರು ಸಲ ಅಚ್ಚಿನಲ್ಲಿ ಬರೆದರೆ, ಆತ ಹೇಳಿದ್ದು ನಿಜ ಎಂದು ಉಳಿದವರು ನಂಬದಿದ್ದರೂ ಆತ ನಂಬಿಬಿಡುತ್ತಾನೆ.

ಅವರ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನ ನೀರಿನ ತೊಟ್ಟಿಗಳ ಬಗ್ಗೆ. ಎರೆಮಣ್ಣಿಗೆ ಸ್ವಲ್ಪ ಸುಣ್ಣ, ಸ್ವಲ್ಪ ಇಟ್ಟಿಗೆಪುಡಿ ಬೆರೆಸಿ ಕಲಸಿ ಗುಂಡಿಗೆ ಮೆತ್ತಿದರೆ ಸಾಕು, ಕಲ್ಲೂ ಬೇಡ ಸಿಮೆಂಟೂ ಬೇಡ, ನೀರು ನಿಲ್ಲುತ್ತದೆ ಎಂದು ಅದರ ಸಾರಾಂಶ. ಆ ಲೇಖನವನ್ನು ನಾನೂ ಉಲ್ಲೇಖಿಸಿದ್ದೆ, ಎಲ್ಲರೂ ಉಲ್ಲೇಖಿಸಿದ್ದರು. ಮೊದಲಿನಿಂದ ಕೊನೆಯವರೆಗೆ ಓದಿದವನು ಮಾತ್ರ ಒಬ್ಬನೇ: ತಿಪ್ಪೇಸ್ವಾಮಿ.

ತಿಪ್ಪೇಸ್ವಾಮಿ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಲೆಕ್ಚರರ್. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಸ್ಟೇಷನ್ನಿನಿಂದ ಆಚೆಗಿರುವ ಒಂದು ಕುರುಬರ ಹಟ್ಟಿಯವನು. ಮಿತಭಾಷಿ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವನು ಲೇಖನ ಓದಿ, ಪ್ರಯೋಗಾಲಯದಲ್ಲಿ ಅದೇ ಹದದ ಬಿಲ್ಲೆಗಳನ್ನು ಮಾಡಿ, ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ನೋಡಿದ. ಬಿಲ್ಲೆಗಳು ಬಿರಿದವು. ಪ್ರೊಫೆಸರರು ತಮ್ಮ ಬಿಲ್ಲೆಗಳನ್ನು ಯಾವಾಗಲೂ ಒದ್ದೆ ಗೋಣಿಚೀಲದ ಕೆಳಗೆ ಇಟ್ಟು ಪರೀಕ್ಷೆ ಮಾಡಿದ್ದರು. ಅವಕ್ಕೆ ದುರ್ಗದ ಬಿಸಿಲು ಎಂದರೇನೆಂದೇ ಗೊತ್ತಿರಲಿಲ್ಲ.

ಆಗಲೇ ಪ್ರೊಫೆಸರರು ತಮ್ಮ ಸಂಶೋಧನೆಯನ್ನು ಜನರಿಗೆ ತಲುಪಿಸಲು ಹೊರಟಿದ್ದರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಲು, ಉಳಿದ ದಿನ ಅವಕ್ಕೆ ಕುಡಿಯಲು ಒಂದು ದೊಡ್ಡ ತೊಟ್ಟಿಯನ್ನು ಕಾಲೇಜಿನ ಶ್ರಮದಾನ ಶಿಬಿರದಲ್ಲಿ ಕಟ್ಟಿಸುವುದೆಂದು ನಿರ್ಧಾರವಾಯಿತು. ಊರು, ತಿಪ್ಪೇಸ್ವಾಮಿಯ ಹಟ್ಟಿಯೇ. ಅವನು ಅವರ ಕೋಣೆಗೆ ಹೋದಾಗ ನಾನೂ ಅಲ್ಲಿದ್ದೆ.

"ಸಾರ್, ಒಣಗಿದ್ರೆ ಬಿರೀತೈತೆ. ನಾನು ಮಾಡಿ ನೋಡೀನಿ."

"ಬಿರಿಯುತ್ತೆ ಅಂತ ಯಾವ ಜರ್ನಲ್ಲಿನಾಗೆ ಬಂದೈತೆ?"

"ಎಲ್ಲೂ ಬಂದಿಲ್ಲ ಸಾರ್. ನಮ್ಮ ಲ್ಯಾಬಿನ ಕಿಟಕಿ ಮ್ಯಾಲೆ ಅವೆ. ಬಂದು ನೋಡ್ರಿ."

"ಯಾರು ಉಲ್ಲೇಖ ಮಾಡ್ಯಾರೆ?"

"ಇನ್ನೂ ಯಾರಿಗೂ ತೋರ್ಸಿಲ್ಲ ಸಾರ್."

"ನೋಡಪ್ಪಾ, ನಾನು ಹೇಳಿದ್ದನ್ನ ಇಡೀ ನಾಡಿನಾಗೆ ಜನ ಉಲ್ಲೇಖ ಮಾಡ್ಯಾರೆ. ನೀನು ಹೇಳಿದ್ದನ್ನ ಒಬ್ನೂ ಮಾಡಿಲ್ಲ. ಯಾರ ಮಾತು ನಿಜ ಅಂತ ನೀನೇ ಭಾಗಾಕಾರ ಮಾಡು."

ಲ್ಯಾಬು ಇದ್ದದ್ದು ಪಡಸಾಲೆಯ ಆ ಬದಿಗೆ. ಅವರು ಎದ್ದು ಹೋಗಿ ನೋಡಲಿಲ್ಲ.

ಶಿಬಿರ ನಡೆಯಿತು. ಕಲ್ಲಿಗೆ ಬರವಿಲ್ಲದ ನಾಡು ನಮ್ಮದು. ಕಣ್ಣು ಹಾಯಿಸಿದತ್ತ ಬಂಡೆ. ಆದರೂ ಹಿರಿಯೂರಿನ ಕಡೆಯಿಂದ ಲಾರಿಯಲ್ಲಿ ಎರೆಮಣ್ಣು ತರಿಸಲಾಯಿತು. ಹಟ್ಟಿಯಲ್ಲಿ ಅಜ್ಜಂದಿರ ಕಾಲದಿಂದ ಒಂದು ಕಲ್ಲುಕಟ್ಟಿದ ಗುಂಡಿಯಿತ್ತು. ಚಿಕ್ಕದು, ಆದರೆ ನೀರು ನಿಲ್ಲುತ್ತಿತ್ತು. ಹೊಸದಕ್ಕೆ ಜಾಗ ಬೇಕೆಂದು ಅದನ್ನು ಒಡೆದು ಹಾಕಿದರು. ಹುಡುಗರು ಮಣ್ಣು ತುಳಿದರು, ಮೆತ್ತಿದರು, ನುಣುಪು ಮಾಡಿದರು. ಬಾಡಿಗೆಯ ಡೀಸೆಲ್ ಎಂಜಿನ್ ಇಟ್ಟು ಹಟ್ಟಿಯ ಬಾವಿಯ ನೀರನ್ನೆಲ್ಲ ಎತ್ತಿ ತೊಟ್ಟಿ ತುಂಬಿಸಿದರು. ಎಂಜಿನ್ ಕೆಟ್ಟ ಮೇಲೆ ಉಳಿದದ್ದನ್ನು ಹೆಂಗಸರು ಕೊಡದಲ್ಲಿ ಹೊತ್ತು ಸುರಿದರು. ಪ್ರೊಫೆಸರರು ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ತೊಟ್ಟಿ ತುಂಬಿದೆ.

ಬೇಸಿಗೆ ಬಂತು. ನೀರು ಸ್ವಲ್ಪ ಇಳಿದಂತೆ ಅಂಚು ಒಣಗಿತು, ಒಣಗಿದ್ದು ಬಿರಿಯಿತು, ಬಿರುಕಿನಲ್ಲಿ ಉಳಿದ ನೀರೂ ಇಳಿದುಹೋಯಿತು. ತಿಪ್ಪೇಸ್ವಾಮಿ ಬಂದು ವರದಿ ಹೇಳಿದ. ಪ್ರೊಫೆಸರರು ತಲೆಯೆತ್ತದೆ, "ಅದು ಸೋರಿರಾದಲ್ಲ. ಆವಿ ಆಗಿರಾದು" ಎಂದರು.

ತಿಪ್ಪೇಸ್ವಾಮಿ ಹೊರಗೆ ಬಂದ. ತನ್ನ ಪ್ರಯೋಗ, ತೊಟ್ಟಿಯ ಬಿರುಕು ಎರಡನ್ನೂ ಸೇರಿಸಿ ಲೇಖನ ಬರೆದು ನಮ್ಮ ಜರ್ನಲ್ಲಿಗೇ ಕೊಟ್ಟ. "ರೆಫರೆನ್ಸು ಸಾಲದು" ಎಂದು ವಾಪಸು ಬಂತು. ಅದನ್ನೇ ಹೊರದೇಶದ ಒಂದು ದೊಡ್ಡ ಜರ್ನಲ್ಲಿಗೆ ಕಳಿಸಿದ. ಅವರು ಅಚ್ಚು ಹಾಕಿದರು. ಅದು ತಿಳಿದ ದಿನ ಪ್ರೊಫೆಸರರು ಹೊಸದುರ್ಗದ ಕನ್ನಡದಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆಯಲಾಗದು. ತಿಪ್ಪೇಸ್ವಾಮಿಯ ಕಾಯಮಾತಿ ನಿಂತುಹೋಯಿತು. ಪಾಠ ಮಾಡಬೇಕಾದವನನ್ನು ಸ್ಟೋರಿನಲ್ಲಿ ಸರ್ವೇ ಸರಪಳಿ ಎಣಿಸಲು ಹಾಕಿದರು. ಮದುವೆಗೆ ಹೆಣ್ಣು ಗೊತ್ತಾಗಿತ್ತು. ಕಾಯಮಾಗದ ನೌಕರಿಯವನಿಗೆ ಕೊಡುವುದಿಲ್ಲವೆಂದು ಆ ಮನೆಯವರು ಹಿಂದೆ ಸರಿದರು. ನಾವು ಕೆಲವರು ಪ್ರೊಫೆಸರರಿಗೆ ಹೇಳಿ ನೋಡಿದೆವು. "ಶಿಸ್ತು ಬ್ಯಾಡವೇನ್ರಿ ಮನುಷ್ಯಂಗೆ?" ಎಂದರು.

ಹೀಗೆ ಎರಡು ವರ್ಷ ಕಳೆಯಿತು. ಈ ನಡುವೆ ಪ್ರೊಫೆಸರರು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಆ ದಪ್ಪ ಸಂಪುಟಗಳಲ್ಲಿ ತಮ್ಮ ಹೆಸರು ಹುಡುಕಿ ಬರುತ್ತಿದ್ದರು. ಪ್ರತಿ ಸಲವೂ "ಪುಸ್ತಕ ಬೈಂಡಿಂಗಿಗೆ ಹೋಗೈತಂತೆ" ಎನ್ನುತ್ತಿದ್ದರು. ನಿಜವೇನೆಂದರೆ, ನಮ್ಮ ಜರ್ನಲ್ಲಾಗಲಿ ಕರಾವಳಿಯ ಅವರ ಗೆಳೆಯನ ಜರ್ನಲ್ಲಾಗಲಿ ಆ ಸಂಪುಟ ಮಾಡುವವರ ಕಣ್ಣಿಗೇ ಬಿದ್ದಿರಲಿಲ್ಲ. ನಾವು ಇಷ್ಟು ವರ್ಷ ಒಬ್ಬರಿಗೊಬ್ಬರು ಮಾಡಿಕೊಂಡ ಮುಯ್ಯಿಯನ್ನು ಬರೆದುಕೊಳ್ಳುವವನೇ ಅಲ್ಲಿರಲಿಲ್ಲ.

ಆ ವರ್ಷ ಬೆಂಗಳೂರಿಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಕಣ್ಣು ಮಂಜಾಗುತ್ತಿತ್ತು, ಓದುವವನೊಬ್ಬ ಬೇಕಿತ್ತು. ಭೂತಗನ್ನಡಿಯನ್ನು ಜೇಬಿನಿಂದ ತೆಗೆದುಕೊಟ್ಟರು. ನಾನು ಅವರ ಹೆಸರಿನ ಅಕ್ಷರ ಹುಡುಕುತ್ತಾ ಹೋದೆ. ಇತ್ತು.

"ಸಾರ್, ಇದೆ."

"ಏನೈತೆ?"

"ನಿಮ್ಮ ಹೆಸರು."

ಭೂತಗನ್ನಡಿ ಕಿತ್ತುಕೊಂಡರು. ಆ ಪುಟದ ಮೇಲೆ ಬಗ್ಗಿದವರು, ಮಗುವಿನ ಮುಖ ಮೊದಲ ಸಲ ನೋಡುವವರ ಹಾಗೆ, ಬಹಳ ಹೊತ್ತು ಉಸಿರು ಬಿಡದೆ ನೋಡಿದರು. ಹೆಸರಿನ ಕೆಳಗೆ ಉಲ್ಲೇಖಿಸಿದವರ ಸಾಲು. ಮೊದಲನೆಯವನು, ಹೊರದೇಶದಲ್ಲಿ ಅಚ್ಚಾದ ಆ ಲೇಖನದಿಂದಾಗಿ, ತಿಪ್ಪೇಸ್ವಾಮಿ. ಅವನ ಕೆಳಗೆ ದೇಶ ದೇಶಗಳ ಬೇರೆ ಕೆಲವರು.

ಅಲ್ಲಿದ್ದ ಜರ್ನಲ್ಲುಗಳಲ್ಲಿ ಒಂದನ್ನು ತರಿಸಿ ನಾನು ಆ ಜಾಗ ಓದಿದೆ. ತಿಪ್ಪೇಸ್ವಾಮಿಯ ಪ್ರಯೋಗವನ್ನು ತಾವೂ ಮಾಡಿ ನೋಡಿದ ಯಾರೋ, ನಮ್ಮವರ ವಿಧಾನದ ಬಗ್ಗೆ ಒಂದು ವಾಕ್ಯ ಬರೆದಿದ್ದರು. "ಸಾರ್, ಒಣ ಸೀಮೆಯಲ್ಲಿ ಈ ವಿಧಾನವನ್ನು ಬಳಸಲೇಬಾರದು ಎಂದು ಬರೆದಿದ್ದಾರೆ" ಎಂದೆ.

"ನನ್ನ ಹೆಸರು ಹಾಕ್ಯಾರಾ?"

"ಹಾಕಿದ್ದಾರೆ."

"ಸ್ಪೆಲ್ಲಿಂಗು ಸರಿಗೈತಾ?"

"ಸರಿಯಾಗಿದೆ ಸಾರ್."

"ಮತ್ತೇನ್ರೀ!" ಎಂದು ಗ್ರಂಥಾಲಯ ಎನ್ನುವುದನ್ನು ಮರೆತು ನನ್ನ ಬೆನ್ನಿಗೆ ಗುದ್ದಿದರು. "ಬೈದವರು, ಹೊಗಳಿದವರು ಅಂತ ಆ ಪುಸ್ತಕದಾಗೆ ಬ್ಯಾರೆ ಬ್ಯಾರೆ ಬರ್ದಿರಲ್ಲ. ಎಲ್ಲಾ ಒಂದೇ."

ಆ ಮಾತು ಮಾತ್ರ ಶಾಸ್ತ್ರೋಕ್ತವಾಗಿ ಸರಿಯಾಗಿತ್ತು.

ಮರುದಿನ ವಿಭಾಗದಲ್ಲಿ ಎಲ್ಲರಿಗೂ ಜಿಲೇಬಿ ಹಂಚಿದರು. ತಿಪ್ಪೇಸ್ವಾಮಿಯನ್ನು ಸ್ಟೋರಿನಿಂದ ಕರೆಸಿ, ಎದುರಿಗೆ ಕೂರಿಸಿಕೊಂಡರು. ಕಾಯಮಾತಿಯ ಆದೇಶಕ್ಕೆ ಆಗಲೇ ಸಹಿಯಾಗಿತ್ತು.

"ತಗಳಪ್ಪಾ. ನಿನ್ನಂಥ ಹುಡುಗ್ರು ಬೇಕು ನಮಗೆ. ಇನ್ನೊಂದೆಲ್ಡು ಬರಿ ನನ್ನ ಮ್ಯಾಲೆ. ಬಿಗಿಯಾಗೇ ಬರಿ, ನಾನೇನ್ ಬೇಜಾರ್ ಮಾಡ್ಕಳಲ್ಲ."

ತಿಪ್ಪೇಸ್ವಾಮಿ ಕಾಗದ ಮುಟ್ಟಲಿಲ್ಲ. "ಬರೀತೀನಿ ಸಾರ್" ಎಂದ. "ಮೊದ್ಲು ನಮ್ಮ ಹಟ್ಟಿ ತೊಟ್ಟಿ ಸರಿ ಮಾಡಾಣ. ಅದು ಸರಿ ಆದ ಮ್ಯಾಲೆ, ಯಾಕೆ ಕೆಟ್ಟಿತ್ತು, ಹೆಂಗೆ ಸರಿ ಆತು ಅಂತ ಬರೀತೀನಿ."

ಪ್ರೊಫೆಸರರು ಇದರಲ್ಲಿ ಎಷ್ಟು ಉಲ್ಲೇಖಗಳು ಸಿಗಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು. "ಆತು. ನಾಳೆನೇ ಹೋಗಾಣ" ಎಂದರು. ತೊಟ್ಟಿ ಬಿರಿದ ಮೇಲೆ ಅವರು ಆ ಕಡೆ ಒಂದು ಸಲವೂ ತಲೆ ಹಾಕಿರಲಿಲ್ಲ.

ಕಾಲೇಜಿನ ವ್ಯಾನಿನಲ್ಲಿ ನಾವು ಮೂವರೂ ಹೋದೆವು. ತೊಟ್ಟಿ ಎಂದರೆ ಬಿರುಕುಬಿಟ್ಟ ಹಿಮ್ಮಡಿಯ ಹಾಗೆ ಸೀಳಿಕೊಂಡಿದ್ದ ಒಂದು ಒಣ ಗುಂಡಿ. ಅದರಲ್ಲಿ ಕುರಿಮರಿಗಳು ಆಡುತ್ತಿದ್ದವು. ಪ್ರೊಫೆಸರರು ಮುಂದೆ ಬರೆಯಲಿರುವ ಲೇಖನಕ್ಕೆಂದು ಫೋಟೋ ತೆಗೆಯಲು ನನಗೆ ಕೋನ ಹೇಳಿಕೊಡುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತುಕೊಂಡು ಒಬ್ಬ ಹೆಂಗಸು ಬಂದರು. ತಿಪ್ಪೇಸ್ವಾಮಿಯ ಚಿಕ್ಕಮ್ಮ. ಕೊಡ ಇಳಿಸದೆ ನಿಂತು ಪ್ರೊಫೆಸರರನ್ನು ಮೇಲಿನಿಂದ ಕೆಳಗೆ ನೋಡಿದರು.

"ಈ ತೂತಿನ ತೊಟ್ಟಿ ಮಾಡ್ಸಿದ ಮೇಷ್ಟ್ರು ನೀವೇನಾ?" ಎಂದು ಕೇಳಿ, ಹೆಸರನ್ನೂ ಸೇರಿಸಿದರು. ಪೂರ್ತಿ ಹೆಸರು, ಇನಿಷಿಯಲ್ಲುಗಳ ಸಮೇತ.

ಪ್ರೊಫೆಸರರ ಮುಖ ಅರಳಿತು. "ನನ್ನ ಹೆಸರು ನಿಮಗೆ ಹೆಂಗೆ ಗೊತ್ತಮ್ಮಾ?"

"ಗೊತ್ತಿಲ್ದೆ ಏನು ಸಾಮಿ? ಇದ್ದ ಗುಂಡಿನೂ ಒಡೆದು ಹಾಕಿ ಹೋದ್ರಲ್ಲ. ಆವತ್ತಿಂದ ನಮ್ಮಟ್ಟಿ ಹೆಂಗಸ್ರು ದಿನಾ ನಿಮ್ಮ ಹೆಸರು ಹೇಳ್ಕಂಡೇ ಕುರಿಗೆ ನೀರು ಹೊರಾದು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದರು ಅಷ್ಟೆ. ಕೊಡಗಳನ್ನು ಕುರಿಗಳು ನೀರು ಕುಡಿಯುವ ಮರಿಗೆಗೆ ಬಗ್ಗಿಸಿ, ಖಾಲಿ ಕೊಡ ಹಿಡಿದು ಮತ್ತೆ ಹೊರಟರು.

ನಾನು ತಲೆ ಬೇರೆ ಕಡೆ ತಿರುಗಿಸಿದೆ. ನಗು ಬರಬೇಕಾಗಿದ್ದ ಜಾಗ, ಬರಲಿಲ್ಲ. ಪ್ರೊಫೆಸರರು ಹೊರಟಿದ್ದ ಆಕೆಯನ್ನು ಕರೆದು, "ಎಲ್ಲಿಂದ ತರ್ತೀರಮ್ಮಾ?" ಎಂದರು.

"ರೈಲು ಕಂಬಿ ದಾಟಿ ಆ ಕಡಿಗೆ. ನಮ್ಮ ಬಾವಿ ನೀರು ಆವತ್ತು ನಿಮ್ಮ ತೊಟ್ಟಿಗೆ ಎತ್ತಿದ ಮ್ಯಾಲೆ ಹೂಳು ತುಂಬ್ಕಂಡು ಸರಿಯಾಗಿ ಊರಲೇ ಇಲ್ಲ."

ಯಾರೂ ಕರೆಯದಿದ್ದರೂ ಅವರು ಆಕೆಯ ಹಿಂದೆ ನಡೆಯತೊಡಗಿದರು. ನಾವು ಹಿಂಬಾಲಿಸಲು ಹೋದರೆ ಬೇಡವೆಂದು ಕೈಯಾಡಿಸಿದರು. ಆ ಬಿಸಿಲಿನಲ್ಲಿ ಬೂಟು ಟೈ ಹಾಕಿಕೊಂಡ ಆ ಉದ್ದನೆಯ ಮನುಷ್ಯ, ಕೊಡ ಹಿಡಿದ ಹೆಂಗಸಿನ ಹಿಂದೆ ಕಂಬಿಯ ಕಡೆಗೆ ಹೋಗುವುದನ್ನು ನಾವು ವ್ಯಾನಿನ ನೆರಳಲ್ಲಿ ನಿಂತು ನೋಡಿದೆವು. ವಾಪಸು ಬರುವ ಹೊತ್ತಿಗೆ ಮುಖ ಕೆಂಡದ ಹಾಗಿತ್ತು, ಅಂಗಿ ಮೈಗೆ ಅಂಟಿತ್ತು. ಅಲ್ಲಿ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ಅವರೂ ಹೇಳಲಿಲ್ಲ, ಆಕೆಯೂ ಹೇಳಲಿಲ್ಲ. ಪ್ರೊಫೆಸರರು ಮತ್ತೆ ಫೋಟೋದ ವಿಷಯ ಎತ್ತಲಿಲ್ಲ. ವ್ಯಾನು ಹತ್ತಿ ಬಹಳ ದೂರ ಬಂದ ಮೇಲೆ ತಿಪ್ಪೇಸ್ವಾಮಿಯನ್ನು ಕೇಳಿದರು:

"ಕಲ್ಲು ಎಲ್ಲಿ ಸಿಗ್ತವಯ್ಯಾ?"

"ದುರ್ಗದಾಗೆ ಕಲ್ಲು ಎಲ್ಲಿ ಸಿಗ್ತವೆ ಅಂತ ಕೇಳ್ತೀರಲ್ಲ ಸಾರ್" ಎಂದ ತಿಪ್ಪೇಸ್ವಾಮಿ. ಅವನು ಅವರೆದುರಿಗೆ ನಕ್ಕಿದ್ದು ಅದೇ ಮೊದಲು.

ಆ ಬೇಸಿಗೆಯಲ್ಲೇ ತೊಟ್ಟಿಯನ್ನು ಕಲ್ಲುಚಪ್ಪಡಿ, ಸಿಮೆಂಟುಗಳಿಂದ ಮತ್ತೆ ಕಟ್ಟಿದೆವು. ಬಾವಿಯ ಹೂಳನ್ನೂ ತೆಗೆಸಿದೆವು. ಪ್ರೊಫೆಸರರು ವಾರಕ್ಕೊಮ್ಮೆ ಬಂದು, ಯಾರಿಗೂ ಏನೂ ಹೇಳಿಕೊಡದೆ, ಒಂದು ಬಂಡೆಯ ಮೇಲೆ ಕೂತಿದ್ದು ಹೋಗುತ್ತಿದ್ದರು. ಏನೂ ಹೇಳಿಕೊಡದೆ ಇರುವುದು ಅವರಿಗೆ ಎಷ್ಟು ಕಷ್ಟವೆಂದು ಬಲ್ಲ ನಮಗೆ ಅದೇ ದೊಡ್ಡದಾಗಿ ಕಂಡಿತು. ಮಳೆ ಬಂದ ಮೇಲೆ ತೊಟ್ಟಿ ತುಂಬಿತು. ಮುಂದಿನ ಬೇಸಿಗೆಗೂ ನೀರು ಇತ್ತು. ತಿಪ್ಪೇಸ್ವಾಮಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿ ಮದುವೆಯೂ ಆಯಿತು.

ಪ್ರೊಫೆಸರರಿಗೆ ಜ್ಞಾನೋದಯವಾಯಿತು ಎಂದು ಮಾತ್ರ ಯಾರೂ ತಿಳಿಯಬಾರದು. ತೊಟ್ಟಿಯ ಲೇಖನ ನಮ್ಮ ಜರ್ನಲ್ಲಿನಲ್ಲೇ ಬಂತು. ಬಂದ ವಾರವೇ, ಮುಂದಿನ ಸಂಚಿಕೆಗೆ ಬರೆಯುವವರೆಲ್ಲ ಅದನ್ನು ಕಡ್ಡಾಯವಾಗಿ ಉಲ್ಲೇಖಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಕಾಂಕ್ರೀಟು ಕಂಬಗಳ ಬಗ್ಗೆ ಬರೆದವರೂ ಕುರಿ ತೊಳೆಯುವ ತೊಟ್ಟಿಗೆ ನಮಸ್ಕರಿಸಿ ಮುಂದೆ ಹೋದರು. ಅವರು ನಿವೃತ್ತರಾಗುವವರೆಗೂ ಹಾಗೇ ನಡೆಯಿತು.

ಆದರೆ ಆ ಲೇಖನ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದಲು ನನ್ನ ಕೈಗೆ ಬಂದಾಗ, ಮೇಲೆ ಲೇಖಕರ ಹೆಸರುಗಳನ್ನು ನೋಡಿ ತಪ್ಪು ಅಚ್ಚಾಗಿದೆ ಎಂದುಕೊಂಡೆ. ಮೊದಲು ತಿಪ್ಪೇಸ್ವಾಮಿ, ಆಮೇಲೆ ಅವರು. ವಿಭಾಗದ ಯಾರ ಲೇಖನವೇ ಇರಲಿ, ಮೊದಲ ಹೆಸರು ಅವರದೇ ಇರುತ್ತಿತ್ತು. ಅದಕ್ಕೆ ಕಾರಣವೂ ಇತ್ತು: ಆ ದಪ್ಪ ಸಂಪುಟದವರು ಉಲ್ಲೇಖಗೊಂಡ ಲೇಖನವನ್ನು ಮೊದಲ ಲೇಖಕನ ಹೆಸರಿನಲ್ಲಿ ಮಾತ್ರ ಸೇರಿಸುತ್ತಿದ್ದರು. ಎರಡನೆಯವನು ಇದ್ದರೂ ಒಂದೇ, ಸತ್ತರೂ ಒಂದೇ. ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಕರಡು ಹಿಡಿದುಕೊಂಡು ಅವರ ಕೋಣೆಗೆ ಹೋದೆ. "ಸಾರ್, ಹೆಸರು ಹಿಂದುಮುಂದಾಗಿದೆ. ತಿದ್ದಲೇ?"

ಅವರು ಕನ್ನಡಕ ತೆಗೆದು ಒರೆಸಿದರು. "ಬ್ಯಾಡ, ಇರ್ಲಿ ಬಿಡ್ರಿ" ಎಂದರು. "ನನ್ನ ಹೆಸರು ಮೊದ್ಲು ಹಾಕಿದ್ರೆ ಹಟ್ಟಿಯಾಗಿನ ಆಯಮ್ಮ ಸುಮ್ನಿರ್ತಾಳೇನ್ರಿ?"

ಆಕೆಗೆ ಇಂಗ್ಲಿಷು ಹಾಗಿರಲಿ, ಕನ್ನಡದಲ್ಲೂ ಒಂದಕ್ಷರ ಓದಲು ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.